ಹೋಹೆನ್‌ಫೆಲ್ಸ್ ಕೆಲಸಕ್ಕೆ ಹೋಗಲಾ ಎಂದು ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಜರ್ಮನಿಯ ರೆಗೆನ್ಸ್‌ಬುರ್ಗ್‌ಗೆ ಬಂದು ಮೊದಲ ಸೆಮಿಸ್ಟರ್ ಮುಗಿಯುತ್ತಾ ಬಂತು, ವೀಸಾಕ್ಕೆಂದು ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಬರುವ 992 ಯೂರೋ ಬಾಡಿಗೆ, ಇನ್ಶೂರೆನ್ಸ್ ಅಂತ ಹೋಗಿ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದಿದ್ದೀಯ. ಹೋಹೆನ್‌ಫೆಲ್ಸ್‌ನ ಅಮೆರಿಕನ್ ಸೇನಾ ತರಬೇತಿ ಮೈದಾನಕ್ಕೆ 'ಸ್ಟಾಟಿಸ್ಟ್', ಅಂದರೆ ಸೈನಿಕರ ಅಭ್ಯಾಸದಲ್ಲಿ ಊರಿನವರ ಪಾತ್ರ ಮಾಡುವವರು, ಬೇಕು ಎಂಬ ಜಾಹೀರಾತು ನೋಡಿದೆಯಂತೆ. ವೀಸಾಕ್ಕೆ ತೊಂದರೆ ಆಗುತ್ತಾ, ಶತ್ರುವಿನ ಕಡೆ ನಿಲ್ಲುವುದು ಸರಿಯಾ, ಅಮ್ಮನಿಗೆ ಏನು ಹೇಳಲಿ ಎಂದು ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯ: 'ಅಕ್ಕಾ, ಇಲ್ಲಿ ಯಾರ ಜೊತೆಯೂ ಮಾತೇ ಇಲ್ಲ. ಇಲ್ಲಿನ ಬದುಕು ಹೀಗೇನಾ?' ನನ್ನ ಮನಸ್ಸಿಗೆ ತಟ್ಟಿದ್ದು ಆ ಸಾಲೇ.

ನಾನು ಓದುತ್ತಿದ್ದಾಗ ಈ ಕೆಲಸ ಮಾಡಿದ್ದೇನೆ. ಓದು ಮುಗಿದ ಮೇಲೂ ಖಾಯಂ ಕೆಲಸ ಸಿಗುವ ತನಕ ಹೋಗಿ ಬಂದಿದ್ದೇನೆ. ನನ್ನನ್ನು ಕೇಳಿದರೆ ಹೋಗು ಅಂತಲೇ ಹೇಳುತ್ತೇನೆ. ಆದರೆ ಸುಮ್ನೆ ಮೂರು ವಾರ ಕೂತು ದುಡ್ಡು ಎಣಿಸಿಕೊಂಡು ಬರೋಣ ಅಂದುಕೊಂಡಿದ್ದರೆ ಹೋಗಬೇಡ.

ಮೊದಲು ವೀಸಾ ವಿಷಯ. ಸ್ಟೂಡೆಂಟ್ ಪರ್ಮಿಟ್‌ನಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚ್‌ಗೆ ಮುಂಚೆ ಇದು 120 ಮತ್ತು 240 ಇತ್ತು. ನಿನ್ನ ಕಾರ್ಡ್ ಜೊತೆ ಕೊಟ್ಟ ಹಾಳೆಯಲ್ಲಿ ಏನು ಬರೆದಿದೆ ನೋಡಿಕೋ. ಅಭ್ಯಾಸಕ್ಕೆಂದು ಕಟ್ಟಿದ ಊರಿನಲ್ಲಿ ಹಗಲು ರಾತ್ರಿ ಅಲ್ಲೇ ಇರಬೇಕು, ಹಾಗಾಗಿ ಒಂದೊಂದು ದಿನವೂ ಪೂರ್ತಿ ದಿನವೇ. ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ ಮೀರಿದರೆ ವಿದ್ಯಾರ್ಥಿಯಾಗಿ ಸಿಗುವ ಇನ್ಶೂರೆನ್ಸ್ ಲೆಕ್ಕ ತಪ್ಪುತ್ತದೆ, ಅದಕ್ಕೇ ಸೆಮಿಸ್ಟರ್ ರಜೆಯಲ್ಲೇ ಹೋಗು. ಕೆಲಸ ಕೊಡುವುದು ಸೈನ್ಯ ಅಲ್ಲ, ಗುತ್ತಿಗೆ ಕಂಪನಿ. ನಿನ್ನ ಪರ್ಮಿಟ್ ತೋರಿಸಿ, ಇದು ನಡೆಯುತ್ತದೆ ಎಂದು ಅವರಿಂದ ಬರವಣಿಗೆಯಲ್ಲೇ ತೆಗೆದುಕೋ.

ಸಂಬಳದ ಬಗ್ಗೆ ಒಂದೇ ಮಾತು. ಈ ದೇಶದ ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಜಾಹೀರಾತಿನಲ್ಲಿ ದಿನಕ್ಕೆ ಇಷ್ಟು ಅಂತ ಹಾಕಿದ್ದರೆ, ಆ ದಿನ ಎಂದರೆ ಎಷ್ಟು ಗಂಟೆ, ರಾತ್ರಿ ಊರಲ್ಲೇ ಕಾದು ಮಲಗುವ ಹೊತ್ತು ಲೆಕ್ಕಕ್ಕೆ ಬರುತ್ತದಾ ಎಂದು ಸಹಿ ಹಾಕುವ ಮುಂಚೆ ಕೇಳು. ಹೊಸಬರು ಕೇಳುವುದಿಲ್ಲ, ಕೇಳಿದರೆ ಕೆಲಸ ಹೋಗುತ್ತದೆ ಅಂತ ಹೆದರುತ್ತಾರೆ. ನೀನು ಹೆದರಬೇಡ. ಇಲ್ಲಿ ಕೇಳುವವನನ್ನು ಯಾರೂ ಕೀಳಾಗಿ ನೋಡುವುದಿಲ್ಲ.

ಇನ್ನು ಕೆಲಸದ ವಿಷಯ. ಹೋಹೆನ್‌ಫೆಲ್ಸ್ ಇರುವುದು ನಿನ್ನ ಊರಿಗೂ ನ್ಯೂರ್ನ್‌ಬರ್ಗ್‌ಗೂ ನಡುವೆ, ಪಾರ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಇಳಿದು ಹೋಗಬೇಕು. ಸುಮಾರು 160 ಚದರ ಕಿಲೋಮೀಟರ್ ಗುಡ್ಡ, ಕಾಡು, ಹುಲ್ಲುಗಾವಲು. 1938ರಲ್ಲಿ ಹಿಟ್ಲರನ ಸೈನ್ಯ ಇಲ್ಲಿದ್ದ ಹಳ್ಳಿಗಳವರನ್ನು ಎಬ್ಬಿಸಿ ಈ ಮೈದಾನ ಮಾಡಿಕೊಂಡಿತು. ಯುದ್ಧದ ಕಾಲದಲ್ಲಿ ಇಲ್ಲೇ ಕೈದಿಗಳ ಶಿಬಿರ ಇತ್ತು. 1951ರಲ್ಲಿ ಅಮೆರಿಕನ್ನರ ಕೈಗೆ ಬಂದಾಗ ಮೈದಾನ ಇನ್ನೂ ದೊಡ್ಡದಾಯಿತು. ಲುಟ್ಸ್‌ಮನ್‌ಸ್ಟೈನ್ ಎಂಬ ಊರು ಆಗ ಖಾಲಿಯಾಗಿದ್ದು ಮತ್ತೆ ತುಂಬಲೇ ಇಲ್ಲ. ನಿಜವಾದ ಊರುಗಳನ್ನು ಕಳೆದುಕೊಂಡ ನೆಲದ ಮೇಲೆ ಈಗ ಅಭ್ಯಾಸಕ್ಕೆಂದು ಸುಳ್ಳು ಊರುಗಳನ್ನು ಕಟ್ಟಿದ್ದಾರೆ. ಅಲ್ಲಿ ಓಡಾಡುವಾಗ ಈ ಸಂಗತಿ ಗೊತ್ತಿರಲಿ. ನಿನ್ನ ಪಕ್ಕದಲ್ಲಿ ಕೂರುವ ಮುದುಕರಲ್ಲಿ ಯಾರದಾದರೂ ಮನೆತನ ಅಲ್ಲಿಂದಲೇ ಎದ್ದು ಹೋದದ್ದಾಗಿರಬಹುದು.

ಅಲ್ಲಿಯ ಕೇಂದ್ರಕ್ಕೆ 2005ರಿಂದ ಜಾಯಿಂಟ್ ಮಲ್ಟಿನ್ಯಾಷನಲ್ ರೆಡಿನೆಸ್ ಸೆಂಟರ್ ಎಂದು ಹೆಸರು. ಬೇರೆ ಬೇರೆ ದೇಶಗಳ ಪಡೆಗಳು ಬಂದು ಅಭ್ಯಾಸ ಮಾಡಿ ಹೋಗುತ್ತವೆ. ಅವರ ಎದುರಿಗೆ ನಿಲ್ಲುವ ಶತ್ರು ಪಡೆ ಮಾತ್ರ ಖಾಯಂ: ಅಮೆರಿಕದ 4ನೇ ಇನ್‌ಫೆಂಟ್ರಿ ರೆಜಿಮೆಂಟಿನ 1ನೇ ಬೆಟಾಲಿಯನ್. ಎಲ್ಲರೂ ಅವರನ್ನು ಆಪ್‌ಫೋರ್ ಅನ್ನುತ್ತಾರೆ. ವರ್ಷವಿಡೀ ಅಲ್ಲೇ ಇರುವವರು, ಯಾವ ಹಳ್ಳದಲ್ಲಿ ವಾಹನ ಹೂತುಕೊಳ್ಳುತ್ತದೆ, ಯಾವ ಗುಡ್ಡದ ಹಿಂದೆ ನಿಂತರೆ ರಸ್ತೆ ಕಾಣುತ್ತದೆ ಎಲ್ಲಾ ಗೊತ್ತು. ಬಂದವರನ್ನು ಬೆವರಿಳಿಸುವುದೇ ಅವರ ಕೆಲಸ. ಗುಂಡಿನ ಬದಲು ಲೇಸರ್ ಕಿರಣ. ಮೈಮೇಲೆ ಹಾಕಿಕೊಂಡ ಸೆನ್ಸರ್‌ಗೆ ತಾಗಿದರೆ ಕೀ ಅಂತ ಕೂಗುತ್ತದೆ. ಆಗ ಜೇಬಿನಲ್ಲಿರುವ ಕಾರ್ಡ್ ತೆಗೆದು ನೋಡಬೇಕು. ಕಾಲಿಗೆ ಪೆಟ್ಟಾ, ಎದೆಗಾ, ಇಲ್ಲ ಸತ್ತೇ ಹೋದೆಯಾ ಎಂದು ಅದರಲ್ಲಿ ಬರೆದಿರುತ್ತದೆ.

ನೀನು ಸೇರುವುದು ಆ ಪಡೆಗಲ್ಲ. ಎರಡು ಪಡೆಗಳ ನಡುವೆ ಸಿಕ್ಕಿಕೊಂಡ ಊರಿನವರ ಗುಂಪಿಗೆ. ಮೇಯರ್, ಅಂಗಡಿಯವನು, ಪತ್ರಕರ್ತ, ರೈತ, ಶತ್ರುವಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವವನು, ಹೀಗೆ ಯಾವುದಾದರೂ ಪಾತ್ರ. ದೇಶದ ಹೆಸರು ಅಟ್ರೋಪಿಯಾ, ಪಕ್ಕದ ವೈರಿ ಡೊನೋವಿಯಾ, ಎರಡೂ ಕಲ್ಪನೆಯವು. ಕೈಗೆ ಒಂದು ಪಾತ್ರದ ಹಾಳೆ ಕೊಡುತ್ತಾರೆ. ನಿನ್ನ ಹೆಸರೇನು, ಮನೆಯಲ್ಲಿ ಯಾರಿದ್ದಾರೆ, ಯಾರ ಮೇಲೆ ಸಿಟ್ಟು, ನಿನಗೆ ಗೊತ್ತಿರುವ ಗುಟ್ಟು ಯಾವುದು, ಅದನ್ನು ಯಾವಾಗ ಬಾಯಿ ಬಿಡಬೇಕು ಎಲ್ಲಾ ಅದರಲ್ಲೇ ಇರುತ್ತದೆ. ಕೆಲಸದ ಜೀವ ಇರುವುದು ಆ ಹಾಳೆಯಲ್ಲೇ.

ಒಂದು ಸಲ ನಮ್ಮ ಊರಿನ ಮೇಯರ್ ಆಗಿದ್ದವರು ರೈಲ್ವೆಯಿಂದ ನಿವೃತ್ತರಾದ ಬವೇರಿಯಾದ ಅಜ್ಜ. ಊರಾಚೆಯ ಕೊಟ್ಟಿಗೆಯಲ್ಲಿ ಮದ್ದುಗುಂಡು ಬಚ್ಚಿಟ್ಟಿರುವುದು ಅವರಿಗೆ ಗೊತ್ತು. ಬಂದವರು ಮರ್ಯಾದೆಯಿಂದ ಮಾತಾಡಿಸಿ, ಊರಿನ ಕಷ್ಟ ಏನು ಎಂದು ಕೇಳಿದರೆ ಹೇಳಬಹುದು. ಇಲ್ಲದಿದ್ದರೆ ಬಾಯಿ ಬಿಡುವ ಹಾಗಿಲ್ಲ. ಒಬ್ಬ ಹುಡುಗ ಲೆಫ್ಟಿನೆಂಟ್ ಬಂದ. ಕಪ್ಪು ಕನ್ನಡಕ ತೆಗೆಯಲಿಲ್ಲ. ಅಜ್ಜ ಎದುರಿಗೇ ನಿಂತಿದ್ದರೂ ದುಭಾಷಿಯ ಕಡೆ ತಿರುಗಿ 'ಇವನನ್ನು ಕೇಳು, ಆಯುಧ ಎಲ್ಲಿದೆ ಅಂತ' ಅಂದ. ಅಜ್ಜ ಕುರ್ಚಿ ಎಳೆದುಕೊಂಡು ಕೂತರು. ಹಸು ಕರು ಹಾಕಿದ್ದು, ಬಾವಿ ಬತ್ತಿದ್ದು, ಮಗಳ ಮದುವೆ ನಿಂತುಹೋದದ್ದು ಎಲ್ಲಾ ಹೇಳಿದರು. ಕೊಟ್ಟಿಗೆಯ ಮಾತು ಮಾತ್ರ ಎತ್ತಲೇ ಇಲ್ಲ. ಹುಡುಗ ತಾಳ್ಮೆ ಕಳೆದುಕೊಂಡು ಮನೆ ಮನೆ ಶೋಧಿಸಿ ಎಂದು ಅಪ್ಪಣೆ ಕೊಟ್ಟ. ನಾನು ಅಂಗಡಿಯವನ ಹೆಂಡತಿ. ನಮ್ಮನ್ನು ತಪಾಸಣೆ ಮಾಡಲು ಅವರಲ್ಲಿ ಒಬ್ಬಳೂ ಹೆಂಗಸಿರಲಿಲ್ಲ, ಒಬ್ಬ ಸೈನಿಕ ಕೈ ಚಾಚಿದ. ನಮ್ಮ ಹಾಳೆಯಲ್ಲಿ ಇದ್ದ ಹಾಗೆ ಇಡೀ ಊರು ಬೀದಿಗೆ ಬಂತು, ಕೂಗಾಡಿತು. ಮರುದಿನ ಬೆಳಿಗ್ಗೆ ಅದೇ ಕೊಟ್ಟಿಗೆಯ ಪಕ್ಕದ ದಾರಿಯಲ್ಲಿ ಅವರ ಸಾಲು ವಾಹನಗಳ ಮೇಲೆ ಆಪ್‌ಫೋರ್ ಬಿತ್ತು.

ಆಮೇಲೆ ಎಲ್ಲರೂ ಕೂತು ಏನಾಯಿತು ಎಂದು ಮಾತಾಡುವ ಸಭೆ ಇರುತ್ತದೆ. ಜೊತೆಯಲ್ಲೇ ಓಡಾಡಿ ಗಮನಿಸುವ ಅನುಭವಿ ಅಧಿಕಾರಿಗಳು ಅದನ್ನು ನಡೆಸುತ್ತಾರೆ. ಆ ಲೆಫ್ಟಿನೆಂಟ್ ಮುಂದಿನ ಸಲ ಊರಿಗೆ ಬಂದಾಗ ಕನ್ನಡಕ ಹೆಲ್ಮೆಟ್ಟಿನ ಮೇಲಿತ್ತು. ಮೊದಲು ಅಜ್ಜನ ಕೈ ಕುಲುಕಿದ, ಬಾವಿಯ ಬಗ್ಗೆ ವಿಚಾರಿಸಿದ. ನಾನು ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಹೇಳಲಾರದಷ್ಟು ಖುಷಿಯಾಯಿತು.

ಶತ್ರುವಿನ ಕಡೆ ನಿಲ್ಲುವುದು ಸರಿಯಾ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ನೀನು ಅವರಿಗೆ ಸುಲಭವಾಗಿ ಬಗ್ಗಿದರೆ ಅವರಿಗೆ ಮೋಸ ಮಾಡಿದ ಹಾಗೆ. ಪಾಪ, ದಣಿದಿದ್ದಾನೆ, ಹೇಳಿಬಿಡೋಣ ಅನ್ನಿಸುತ್ತದೆ. ಹೇಳಬೇಡ. ಇಲ್ಲಿ ತಪ್ಪಿದರೆ ಒಂದು ಕೂಗು, ಒಂದು ಕಾರ್ಡ್, ಅಷ್ಟೇ. ನಿಜವಾದ ಊರಿನಲ್ಲಿ ತಪ್ಪಿದರೆ ಆ ಹುಡುಗನೂ ಸಾಯುತ್ತಾನೆ, ಬಾಗಿಲಲ್ಲಿ ನಿಂತ ಹೆಂಗಸೂ ಸಾಯುತ್ತಾಳೆ. ಉತ್ತರ ದಿಕ್ಕಿಗೆ, ಹೋಹೆನ್‌ಫೆಲ್ಸ್‌ಗೆ ದೂರವಲ್ಲದ ಗ್ರಾಫೆನ್‌ವ್ಯೋರ್ ಮೈದಾನದಲ್ಲಿ 2023ರ ಜನವರಿಯಿಂದ ಉಕ್ರೇನಿನ ಸೈನಿಕರಿಗೆ ತರಬೇತಿ ಕೊಟ್ಟರು. ಕಲಿತವರು ಇಲ್ಲಿಂದ ನೇರ ಯುದ್ಧಕ್ಕೆ ಹೋದರು. ಇದು ಆಟ ಅಂತ ಯಾರಾದರೂ ಅಂದರೆ ನನಗೆ ಈಗಲೂ ಬೇಸರವಾಗುತ್ತದೆ.

ಗಾಯಾಳುವಿನ ಪಾತ್ರ ಸಿಕ್ಕರೆ ಒಪ್ಪಿಕೋ. ತೊಡೆಯ ಮೇಲೆ ಮೇಣದಂಥ ಗಾಯ ಅಂಟಿಸಿ ಕೆಂಪು ಬಣ್ಣ ಸುರಿಯುತ್ತಾರೆ. ನನ್ನ ಕಾಲಿಗೆ ರಕ್ತ ನಿಲ್ಲಿಸುವ ಪಟ್ಟಿ ಬಿಗಿದ ಹುಡುಗಿಗೆ ಇಪ್ಪತ್ತು ವಯಸ್ಸೂ ಇರಲಿಕ್ಕಿಲ್ಲ, ಕೈ ಗಡಗಡ ನಡುಗುತ್ತಿತ್ತು. ಬಿಗಿದ ಸಮಯ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನೋಡುವ ಡಾಕ್ಟರಿಗೆ ಕಾಲಿನ ಗತಿ ಗೊತ್ತಾಗುವುದಿಲ್ಲ. ಅವಳು ಪೆನ್ನು ಹುಡುಕುತ್ತಿದ್ದಾಗ ನಾನು ಸಹಾಯ ಮಾಡದೆ ಜೋರಾಗಿ ಚೀರುತ್ತಲೇ ಇದ್ದೆ. ಚೀರಾಟದ ನಡುವೆಯೂ ಅವಳು ಬರೆದಳು.

ಅಮ್ಮನಿಗೆ ನಿಜವನ್ನೇ ಹೇಳು. ಸೈನ್ಯಕ್ಕೆ ಸೇರುತ್ತಿಲ್ಲ, ಯುದ್ಧಕ್ಕೆ ಹೋಗುತ್ತಿಲ್ಲ, ಸೈನಿಕರು ಕಲಿಯುವ ಜಾಗದಲ್ಲಿ ಊರಿನವನ ಪಾತ್ರ ಮಾಡುತ್ತಿದ್ದೀಯ. ನನ್ನ ಕೈಗೆ ಅಲ್ಲಿ ಯಾರೂ ಬಂದೂಕು ಕೊಟ್ಟಿರಲಿಲ್ಲ. ಮುಖ್ಯವಾಗಿ, ಒಳಗೆ ಫೋನ್, ಕ್ಯಾಮೆರಾ ಬಿಡುವುದಿಲ್ಲ. ಅಷ್ಟು ದಿನ ಕರೆ ಬರುವುದಿಲ್ಲ ಎಂದು ಮೊದಲೇ ತಿಳಿಸು. ತುರ್ತು ಇದ್ದರೆ ಯಾವ ನಂಬರಿಗೆ ಮಾಡಬೇಕು ಎಂದು ಕಂಪನಿಯಿಂದ ಕೇಳಿ ಮನೆಗೆ ಕೊಟ್ಟು ಹೋಗು. ಹೇಳದೆ ಹೋದರೆ ಅವರು ಎಷ್ಟು ಒದ್ದಾಡುತ್ತಾರೆ, ಅಲ್ವಾ?

ನಿನ್ನ ಕೊನೆಯ ಸಾಲಿಗೆ ಬರುತ್ತೇನೆ. ಫೋನ್ ಇಲ್ಲದ್ದೇ ನನಗೆ ಅಲ್ಲಿ ಸಿಕ್ಕ ದೊಡ್ಡ ಲಾಭ. ಪಾತ್ರದವರಿಗೆ ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ಹೀಟರ್ ಸುತ್ತ ಕೂತು ಇಸ್ಪೀಟು ಆಡುವುದು, ಮಾತಾಡುವುದು, ಬೇರೆ ದಾರಿಯೇ ಇಲ್ಲ. ನಿವೃತ್ತರು, ಓದುವ ಹುಡುಗರು, ರಷ್ಯಾದಿಂದ, ಕೊಸೊವೊದಿಂದ ಬಂದು ನೆಲೆಸಿದವರು ಎಲ್ಲರೂ ಒಂದೇ ಕೋಣೆಯಲ್ಲಿ. ಇಲ್ಲಿನವರು ಬೇಗ ಹತ್ತಿರ ಸೇರಿಸುವುದಿಲ್ಲ ಅನ್ನುತ್ತೀಯ, ಅದು ನಿಜ. ಆದರೆ ಕ್ಲಾಸಿನಲ್ಲಿ ಹಲೋ ಹೇಳಿ ಹೊರಟು ಹೋಗುವವರನ್ನು ನೋಡಿ ಇಡೀ ದೇಶವನ್ನು ಅಳೆಯಬೇಡ. ಇವರಿಗೆ ಪರಿಚಯ ಬೆಳೆಯುವುದು ಜೊತೆಗೆ ಏನಾದರೂ ಮಾಡುವಾಗ. ಹಾಡಿನ ಗುಂಪು, ಅಗ್ನಿಶಾಮಕ ಸ್ವಯಂಸೇವಕರು, ಚಾರಣದವರು, ಎಲ್ಲಾ ಕಡೆಯೂ ಹಾಗೇ. ಬವೇರಿಯಾದ ಮಾತು ಮೊದಲ ಎರಡು ದಿನ ಒಂದಕ್ಷರವೂ ತಿಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಜ್ಜ ನನಗೆ ಶಾಫ್‌ಕೋಫ್ ಆಟ ಕಲಿಸಿ, ತಪ್ಪು ಎಲೆ ಇಳಿಸಿದರೆ ಬೈಯುವಷ್ಟು ಸಲಿಗೆ ಬೆಳೆದಿತ್ತು. ಮುಂದೆ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಅವರ ನೆಂಟರೊಬ್ಬರ ಮೂಲಕ. ನಮ್ಮವರ ಜೊತೆ ಮಾತ್ರ ಇದ್ದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ನಮ್ಮವರೂ ಬೇಕು, ಬೇಡ ಅನ್ನುತ್ತಿಲ್ಲ. ಅವರಷ್ಟೇ ಸಾಲದು.

ಫೆಬ್ರವರಿ, ಮಾರ್ಚ್ ರಜೆಗೆ ಹೋಗುವುದಾದರೆ ಆ ಗುಡ್ಡಗಳ ಮೇಲೆ ಚಳಿ ಎಲುಬಿಗೆ ಇಳಿಯುತ್ತದೆ. ಉಣ್ಣೆಯ ಒಳ ಉಡುಪು, ನೀರು ಇಳಿಯದ ಬೂಟು, ಜಾಸ್ತಿ ಕಾಲುಚೀಲ ತೆಗೆದುಕೊಂಡು ಹೋಗು. ಮಾಂಸ ತಿನ್ನುವುದಿಲ್ಲ ಎಂದರೆ ಹೆಸರು ಬರೆಸುವಾಗಲೇ ಹೇಳು. ಓದುವ ಪುಸ್ತಕ ಇಟ್ಟುಕೋ, ಮಾರ್ಚಿನಲ್ಲಿ ಪರೀಕ್ಷೆ ಇಲ್ಲ ಎಂದು ನೋಡಿಕೊಂಡೇ ದಿನ ಗೊತ್ತುಮಾಡು. ಸಂಬಳದಲ್ಲಿ ತೆರಿಗೆ ಮುರಿದಿದ್ದರೆ ಚೀಟಿಗಳನ್ನು ಜೋಪಾನವಾಗಿಡು, ಮುಂದಿನ ವರ್ಷ ಲೆಕ್ಕ ಸಲ್ಲಿಸಿದಾಗ ಬಹಳಷ್ಟು ವಾಪಸ್ ಬರಬಹುದು. ಕಂಪನಿಯವರು ಒಪ್ಪಂದದ ಕಾಗದ ಕಳಿಸಿದ ತಕ್ಷಣ ನನಗೂ ಒಂದು ಪ್ರತಿ ಕಳಿಸು. ಜರ್ಮನ್‌ನಲ್ಲೇ ಇರುತ್ತದೆ. ಭಾನುವಾರ ಮನೆಗೆ ಬಾ, ಒಂದೊಂದು ಸಾಲೂ ಕೂತು ಓದೋಣ, ಆಮೇಲೆ ಸಹಿ ಹಾಕುವಿಯಂತೆ.