ಹೌದು, ಇಬ್ಬರೂ ಜೂಲಿಯನ್ ಗ್ಲೋವರ್ ಅವರೇ

ಟಿವಿ ಸರಣಿ ಗೇಮ್ ಆಫ್ ಥ್ರೋನ್ಸ್‌ನ ಮುದುಕ ಪೈಸೆಲ್, ಸಿನಿಮಾ ಇಂಡಿಯಾನಾ ಜೋನ್ಸ್‌ನ ವಿಲನ್ ಡೊನೊವನ್ ಇಬ್ಬರ ಪಾತ್ರವನ್ನೂ ಮಾಡಿದ್ದು ಒಬ್ಬರೇನಾ ಅಂತ ಕೇಳಿದ್ದೀರಿ. ಹೌದು, ಲಂಡನ್ನಿನ ನಟ ಜೂಲಿಯನ್ ಗ್ಲೋವರ್. 1980ರ ಸ್ಟಾರ್ ವಾರ್ಸ್‌ನಲ್ಲಿ ಜನರಲ್ ವೀರ್ಸ್, ಮರುವರ್ಷ ಬಾಂಡ್ ಚಿತ್ರದ ವಿಲನ್ ಕ್ರಿಸ್ಟಾಟೋಸ್, 1989ರಲ್ಲಿ ಈ ಡೊನೊವನ್. ಹ್ಯಾರಿ ಪಾಟರ್ ಎರಡನೇ ಚಿತ್ರದ ದೈತ್ಯ ಜೇಡ ಇದೆಯಲ್ವಾ, ಅದರ ದನಿಯೂ ಅವರದೇ!

ಪೈಸೆಲ್‌ನನ್ನು ಸುಮ್ನೆ ಇನ್ನೊಮ್ಮೆ ಗಮನಿಸಿ. ಮೊದಲ ಸೀಸನ್ನಿನ ಕೊನೆಯ ಎಪಿಸೋಡ್‌ನಲ್ಲಿ, ಕೋಣೆಯಲ್ಲಿ ಒಬ್ಬನೇ ಉಳಿದಾಗ ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಮೈ ಸಡಿಲಿಸಿ ಸ್ವಲ್ಪ ವ್ಯಾಯಾಮ ಬೇರೆ ಮಾಡುತ್ತಾನೆ. ಹೊರಡುವಾಗ ಮತ್ತೆ ಅದೇ ಗೂನು, ಅದೇ ತಡವರಿಸುವ ನಡಿಗೆ. ಆಗ ಒಂದು ಮಾತೂ ಇಲ್ಲ, ಆದರೂ ಆಸಾಮಿ ಎಂಥ ಕಿಲಾಡಿ ಅಂತ ಗೊತ್ತಾಗಿಬಿಡುತ್ತದೆ. ನನಗಂತೂ ಡೊನೊವನ್‌ಗಿಂತ ಇದೇ ಜಾಸ್ತಿ ಇಷ್ಟ.