ಡ್ರೈವರ್ ಕೈಗೆ ಮತ್ತೆ ಆ ಫೈಲ್ ಯಾಕೆ?

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಬಳಿ ಎರಡು ಲಾರಿ ಇವೆ. ಹೋದ ತಿಂಗಳು ಸಿಮೆಂಟ್ ಲೋಡ್ ಬರುತ್ತಿದ್ದಾಗ ರಾತ್ರಿ ಒಂದು ಗಂಟೆಗೆ ಒಂದು ಲಾರಿಯನ್ನು ತಡೆದರಂತೆ. ಡ್ರೈವರ್ ಮೊಬೈಲಿನಲ್ಲಿ ಡಿಜಿಲಾಕರ್ (ದಾಖಲೆ ಇಡುವ ಸರ್ಕಾರಿ ಆ್ಯಪ್) ತೆರೆದು ಆರ್‌ಸಿ (ವಾಹನ ನೋಂದಣಿ ಪತ್ರ), ಡಿಎಲ್ (ಚಾಲನಾ ಲೈಸೆನ್ಸ್) ತೋರಿಸಿದ. "ಇವೆಲ್ಲ ಬೇಡ, ಒರಿಜಿನಲ್ ತೆಗಿ" ಅಂದರಂತೆ. ಎರಡು ಗಂಟೆ ನಿಲ್ಲಿಸಿಕೊಂಡರು. ಕೊನೆಗೆ ಏನೋ ಕೊಟ್ಟು ಬಂದ. "ಮಾರನೇ ದಿನವೇ ಹಳೆ ಫೈಲನ್ನು ಮತ್ತೆ ಅವನ ಕೈಗೆ ಕೊಟ್ಟೆ. ಮೊಬೈಲ್ ದಾಖಲೆ ಪೇಟೆಯವರಿಗೆ ಸರಿ. ಘಾಟಿಯಲ್ಲಿ ಸಿಗ್ನಲ್ಲೇ ಇರಲ್ಲ. ಕಾಗದದ ತೂಕವೇ ಬೇರೆ ಸ್ವಾಮಿ" ಎಂದು ಪತ್ರ ಮುಗಿಸಿದ್ದಾರೆ.

ಸಿಗ್ನಲ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಶಿರಾಡಿಯಲ್ಲಿ ಮಳೆಗಾಲದ ರಾತ್ರಿ ಮೊಬೈಲ್ ಹಿಡಿದು ಪರದಾಡಿದವರಿಗೆ ಅದು ಗೊತ್ತು. ಚಾರ್ಜ್ ಮುಗಿಯುತ್ತದೆ, ಸ್ಕ್ರೀನ್ ಒಡೆಯುತ್ತದೆ. ಅದೂ ನಿಜ. ಆದರೆ ನಿಮ್ಮ ಲಾರಿ ನಿಂತದ್ದು ಸಿಗ್ನಲ್ ಇಲ್ಲದೆ ಅಲ್ಲ. ಸಿಗ್ನಲ್ ಇತ್ತು, ದಾಖಲೆ ತೆರೆಯಿತು, ಅವರು ನೋಡಿದರು. ನೋಡಿದ ಮೇಲೂ ಬೇಡ ಅಂದರು. ಯಾಕೆ ಅಂತ ಒಂದು ಸಲ ಯೋಚಿಸಿ.

ತೊಂಬತ್ತರ ದಶಕದಲ್ಲಿ, ನಾನಿನ್ನೂ ಹೊಸ ವರದಿಗಾರ. ಬ್ಯಾಡಗಿ ಮೆಣಸಿನಕಾಯಿ ತುಂಬಿದ ಲಾರಿಯಲ್ಲಿ ಮಂಗಳೂರಿಗೆ ಹೊರಟಿದ್ದೆ. ಡ್ರೈವರ್ ಸೀಟಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ ಫೈಲ್. ಮಡಿಕೆಯಲ್ಲಿ ಹರಿದು ಟೇಪ್ ಹಚ್ಚಿದ ಆರ್‌ಸಿ ಪುಸ್ತಕ, ಪರ್ಮಿಟ್, ಎಫ್‌ಸಿ (ವಾಹನ ಓಡಲು ಯೋಗ್ಯ ಎಂಬ ಪತ್ರ). ಅನ್ನದ ಡಬ್ಬಿಗಿಂತ ಜೋಪಾನವಾಗಿ ಇಟ್ಟಿದ್ದ. ದಾರಿಯಲ್ಲಿ ಒಂದು ಕಡೆ ತಡೆದರು. ಅವನು ಚಪ್ಪಲಿ ಬಿಟ್ಟು ಇಳಿದು, ಎರಡೂ ಕೈಯಲ್ಲಿ ಫೈಲ್ ಹಿಡಿದು ಹೋದ. ಎಲ್ಲ ಸರಿಯಾಗಿತ್ತು. ಆದರೂ ಲೈಸೆನ್ಸ್ ತೆಗೆದು ಜೇಬಿಗೆ ಹಾಕಿಕೊಂಡು "ಬೆಳಿಗ್ಗೆ ಬಾ" ಅಂದರು. ಮೇಲೆ ಮಳೆ, ಒಳಗೆ ಮೆಣಸಿನಕಾಯಿ. ಬೆಳಿಗ್ಗೆವರೆಗೆ ಕಾಯುವ ಮಾತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಲೈಸೆನ್ಸ್ ವಾಪಸ್ ಬಂತು. ಅವನು ಏನು ಕೊಟ್ಟ ಅಂತ ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆ ಇದೆ.

ಕಾಗದದ ತೂಕ ಅಂದಿರಲ್ಲ, ಅದು ಇದೇ. ಒರಿಜಿನಲ್ ಯಾರ ಕೈಯಲ್ಲಿದೆಯೋ ಲಾರಿ ಅವರ ಕೈಯಲ್ಲಿ. ಮೊಬೈಲಿನಲ್ಲಿರುವ ಆರ್‌ಸಿಯನ್ನು ಯಾರೂ ಜೇಬಿಗೆ ಹಾಕಿಕೊಳ್ಳಲು ಆಗಲ್ಲ. ಅದಕ್ಕೇ ಅದು ಬೇಡ.

ಕಾನೂನು ಈ ಜಾಗಕ್ಕೆ ಬಂದು ವರ್ಷಗಳೇ ಆದವು. ಡಿಜಿಲಾಕರಿಗೆ ಇಲಾಖೆಯಿಂದಲೇ ಬಂದ ದಾಖಲೆ ಒರಿಜಿನಲ್‌ಗೆ ಸಮ ಎಂಬ ನಿಯಮ 2017ರಲ್ಲೇ ಬಂತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಡಿಜಿಲಾಕರ್, ಎಂ-ಪರಿವಾಹನ್ (ಸಚಿವಾಲಯದ್ದೇ ಆ್ಯಪ್) ದಾಖಲೆಗಳನ್ನು ಒಪ್ಪಿಕೊಳ್ಳಿ ಎಂದು ಎಲ್ಲ ರಾಜ್ಯಗಳಿಗೂ ಬರೆಯಿತು. ಅದೇ ವರ್ಷ ಮೋಟಾರು ವಾಹನ ನಿಯಮಗಳ 139ನೇ ನಿಯಮ ಬದಲಾಯಿತು. 2020ರ ಅಕ್ಟೋಬರ್ 1ರಿಂದ ಇನ್ನೂ ಗಟ್ಟಿಯಾಯಿತು. ಗಣಕದಲ್ಲಿ ಪರಿಶೀಲಿಸಿ ಸರಿ ಎಂದು ಕಂಡ ದಾಖಲೆಯ ಕಾಗದ ಪ್ರತಿಯನ್ನು ಕೇಳುವ ಹಾಗಿಲ್ಲ. ತಪ್ಪು ಕಂಡು ದಾಖಲೆ ಜಪ್ತಿ ಮಾಡಬೇಕಾದರೂ ಅಷ್ಟೇ, ಅದನ್ನು ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲೇ ನಮೂದಿಸಬೇಕು. ಇಷ್ಟೇ ಅಲ್ಲ. ಯಾವ ಅಧಿಕಾರಿ ನೋಡಿದರು, ಎಷ್ಟು ಹೊತ್ತಿಗೆ ನೋಡಿದರು ಎನ್ನುವುದೂ ಅಲ್ಲಿ ದಾಖಲಾಗಬೇಕು.

ಈ ಕೊನೆಯ ಮಾತನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಎಲ್ಲರೂ ಇದನ್ನು ಡ್ರೈವರಿಗೆ ಅನುಕೂಲ, ಟೈಮ್ ಉಳಿತಾಯ ಅಂತಾರೆ. ನನಗೆ ಅದು ಮುಖ್ಯ ಅಲ್ಲ. ಇಷ್ಟು ವರ್ಷ ರಸ್ತೆ ಬದಿಯಲ್ಲಿ ಗುರುತು ಹೇಳಬೇಕಾದವನು ಡ್ರೈವರ್ ಒಬ್ಬನೇ. ತಡೆದವರು ಯಾರು ಅಂತ ಎಲ್ಲೂ ಬರೆದಿರುತ್ತಿರಲಿಲ್ಲ. ಈಗ ಇಬ್ಬರ ಹೆಸರೂ ಬೀಳಬೇಕು. ನನ್ನ ಮೆಣಸಿನಕಾಯಿ ಲಾರಿಯ ಡ್ರೈವರಿಗೆ ಬೇಕಾಗಿದ್ದದ್ದು ಇದೇ ಅಲ್ವಾ?

ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿ ಅಡಿ ಆನ್‌ಲೈನಿನಲ್ಲಿ ಪಡೆಯುವ ಬಿಲ್, ಅದರ ವಿಷಯದಲ್ಲೂ ಇಂಥದೇ ಹಕ್ಕುಗಳಿವೆ. ರಾಜ್ಯದೊಳಗಿನ ಸಾಗಣೆಗೆ 2018ರ ಏಪ್ರಿಲ್ 1ರಂದು ಅದನ್ನು ಮೊದಲು ತಂದದ್ದು ನಮ್ಮ ಕರ್ನಾಟಕವೇ. ಬಿಲ್ ಇಲ್ಲದಿದ್ದರೆ ದಂಡ ಎಷ್ಟು ಅಂತ ಎಲ್ಲ ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೂ ಗೊತ್ತು. ಆದರೆ ಜಿಎಸ್‌ಟಿಯವರು ಲಾರಿಯನ್ನು 30 ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸಿಕೊಂಡರೆ ಇ-ವೇ ಬಿಲ್ ಪೋರ್ಟಲ್‌ನಲ್ಲೇ ದೂರು ಹಾಕಬಹುದು, ಅದಕ್ಕೆ ಇಡಬ್ಲ್ಯೂಬಿ-04 ಎಂಬ ನಮೂನೆ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ತಪಾಸಣೆ ಮಾಡಿದ ಅಧಿಕಾರಿ 24 ಗಂಟೆಯೊಳಗೆ ವರದಿ ಹಾಕಬೇಕು ಅಂತ? ಒಂದು ರಾಜ್ಯದಲ್ಲಿ ಸರಕನ್ನು ಒಮ್ಮೆ ತಪಾಸಣೆ ಮಾಡಿದರೆ, ತೆರಿಗೆ ತಪ್ಪಿಸಿದ ಖಚಿತ ಮಾಹಿತಿ ಇಲ್ಲದೆ ಅದೇ ರಾಜ್ಯದಲ್ಲಿ ಮತ್ತೆ ಇಳಿಸಿ ನೋಡುವಂತಿಲ್ಲ ಅಂತ? ದಂಡದ ಪಟ್ಟಿ ಊರಿಗೆಲ್ಲ ತಲುಪುತ್ತದೆ. ಹಕ್ಕಿನ ಪಟ್ಟಿ ಇಂಗ್ಲಿಷ್ ಗೆಜೆಟ್‌ನಲ್ಲೇ ಉಳಿಯುತ್ತದೆ.

ಕಾಗದ ಬಿಟ್ಟು ಕಂಪ್ಯೂಟರ್ ದಾಖಲೆಯನ್ನು ನಂಬುವುದು ನಮ್ಮ ನಾಡಿಗೆ ಹೊಸದೇನಲ್ಲ. ಎರಡು ದಶಕದ ಹಿಂದೆಯೇ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದವರು ನಾವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಗ್ರಾಮ ಲೆಕ್ಕಿಗರ ಮನೆ ಬಾಗಿಲಿಗೆ ಅಲೆದಿದ್ದ ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲೇ ಪಹಣಿ ತಗೊಂಡ. ಪ್ರಪಂಚವೇ ಬಂದು ನೋಡಿಕೊಂಡು ಹೋಯಿತು. ಆದರೂ ಇವತ್ತು ಯಾವುದೇ ಸರ್ಕಾರಿ ಕಚೇರಿ ಎದುರು ನಿಂತು ನೋಡಿ, ಮೊದಲು ಕಾಣುವುದು ಜೆರಾಕ್ಸ್ ಅಂಗಡಿ. ಸರ್ಕಾರವೇ ಕೊಟ್ಟ ಕಾಗದ, ಸರ್ಕಾರದ ಕಂಪ್ಯೂಟರಿನಲ್ಲೇ ಇರುವ ಕಾಗದ, ಅದರ ಮೂರು ಪ್ರತಿ ತಾ ಅಂತ ಸರ್ಕಾರವೇ ಕೇಳುತ್ತದೆ. ವಿಧವಾ ವೇತನಕ್ಕೆ ಅರ್ಜಿ ಹಾಕಿದ ಅಜ್ಜಿಗೂ ಅಷ್ಟೇ, ಹಾಸ್ಟೆಲ್ ಸೀಟು ಕೇಳುವ ಹುಡುಗಿಗೂ ಅಷ್ಟೇ. ಜನರ ಮೇಲೆ ಇಷ್ಟು ಅಪನಂಬಿಕೆ ಯಾಕೆ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದಕ್ಕೇ ನಿಮ್ಮ ಮೇಲೆ ನನಗೆ ಸ್ವಲ್ಪ ಬೇಜಾರು. ನಿಮ್ಮ ಡ್ರೈವರ್ ಸರಿಯಾದದ್ದನ್ನೇ ಮಾಡಿದ. ಅವನ ಬೆನ್ನಿಗೆ ನಿಲ್ಲಬೇಕಾದ ನೀವು ಫೈಲ್ ಕೊಟ್ಟು ಕಳಿಸಿದಿರಿ. ಆ ಫೈಲನ್ನು ನಿಮ್ಮ ಮನೆ ಬೀರುವಿನಲ್ಲಿಡಿ. ಅವನ ಮೊಬೈಲ್ ಗ್ಯಾಲರಿಯಲ್ಲಿ ತೆಗೆದ ಫೋಟೋ ಇದ್ದರೆ ಅದಕ್ಕೆ ಬೆಲೆ ಇಲ್ಲ, ನೀವೇ ಸ್ಕ್ಯಾನ್ ಮಾಡಿ ಡಿಜಿಲಾಕರಿಗೆ ಹಾಕಿದ್ದಕ್ಕೂ ಇಲ್ಲ. ಇಲಾಖೆಯಿಂದ ನೇರ ಬಂದದ್ದೇ ಆಗಬೇಕು, ಅದನ್ನೊಮ್ಮೆ ಕೂತು ನೋಡಿ. ಸಿಗ್ನಲ್ ಇರುವಾಗಲೇ ಇಳಿಸಿಕೊಳ್ಳಲು ಹೇಳಿ. ಕ್ಯಾಬಿನ್‌ಗೆ ಒಂದು ಒಳ್ಳೆ ಚಾರ್ಜರ್ ಹಾಕಿಸಿ. ತಡೆದ ಜಾಗ, ಗಂಟೆ ಬರೆದಿಟ್ಟುಕೊಳ್ಳಲು ಒಂದು ಪುಟ್ಟ ನೋಟ್‌ಬುಕ್ ಕೊಡಿ.

ಮುಂದಿನ ಸಂಚಿಕೆಯ ಕೊನೆ ಪುಟದಲ್ಲಿ 139ನೇ ನಿಯಮವನ್ನು ದಪ್ಪ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ ಹಾಕುತ್ತಿದ್ದೇವೆ. ಕತ್ತರಿಸಿ ಸ್ಟೇರಿಂಗ್ ಪಕ್ಕ ಅಂಟಿಸಲು ಆಗುವ ಅಳತೆಯಲ್ಲೇ ಇರುತ್ತದೆ. ನಿಮಗೆ ಎರಡು ಲಾರಿ ಇವೆಯಲ್ಲ, ಎರಡು ಪ್ರತಿ ಕಳಿಸುತ್ತೇನೆ.