ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಮೇಲೂ ಗರ್ಭಕಂಠದ ಕ್ಯಾನ್ಸರ್ ಇರಬಹುದಾ?

ಯಾದಗಿರಿಯಲ್ಲಿರುವ ನಿಮ್ಮ ಚಿಕ್ಕಮ್ಮನಿಗೆ ಪ್ಯಾಪ್ ಟೆಸ್ಟ್ (ಗರ್ಭಕಂಠದ ಜೀವಕೋಶಗಳನ್ನು ಬ್ರಷ್‌ನಿಂದ ತೆಗೆದು ನೋಡುವುದು), ಎಚ್‌ಪಿವಿ ಟೆಸ್ಟ್ (ಹೆಚ್ಚಿನ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಹುಡುಕುವುದು) ಎರಡೂ ನಾರ್ಮಲ್, ಆದರೂ ತಿಂಗಳುಗಟ್ಟಲೆ ನೀರಿನಂತೆ ಬಿಳಿ ಹೋಗುತ್ತಿದೆ ಅಂತ ಕೇಳಿದ್ದೀರಿ. ದಯವಿಟ್ಟು ಇಷ್ಟಕ್ಕೇ ಸುಮ್ನೆ ಬಿಡಬೇಡಿ.

ಹೆಚ್ಚಿನ ಸಲ ಸೋಂಕಿನಂಥ ಸಣ್ಣ ಕಾರಣವೇ ಇರುತ್ತದೆ. ಆದರೆ ಗ್ಯಾಸ್ಟ್ರಿಕ್ ಟೈಪ್ ಅಡಿನೊಕಾರ್ಸಿನೋಮ ಎಂಬ ಅಪರೂಪದ ಕ್ಯಾನ್ಸರ್‌ಗೆ ಎಚ್‌ಪಿವಿ ಕಾರಣವಲ್ಲ, ಹಾಗಾಗಿ ಆ ಟೆಸ್ಟ್‌ನಲ್ಲಿ ಅದು ಸಿಗುವುದಿಲ್ಲ. ಅದು ಗರ್ಭಕಂಠದ ಕಾಲುವೆಯ ಮೇಲ್ಭಾಗದಲ್ಲಿ ಒಳಗೊಳಗೇ ಬೆಳೆಯುವುದು ಜಾಸ್ತಿ. ಪ್ಯಾಪ್ ಬ್ರಷ್‌ಗೂ ತಪ್ಪಿಸಿಕೊಳ್ಳಬಹುದು. ಕಾಲುವೆಯ ಒಳಗಿನಿಂದ ಕೆರೆದು ತೆಗೆದ ತುಣುಕು, ಕೆಲವೊಮ್ಮೆ ಆಳದ ಬಯಾಪ್ಸಿ, ಜೊತೆಗೆ ಎಂಆರ್‌ಐ ಬೇಕಾಗುತ್ತದೆ.

ಸ್ಮಾಲ್ ಸೆಲ್ ಎಂಬ ಗರ್ಭಕಂಠದ ಕ್ಯಾನ್ಸರ್‌ನ ಇನ್ನೊಂದು ಬಗೆ ಬೇಗ ಹರಡುತ್ತದೆ. ಅದನ್ನು ಗುರುತಿಸಲು ಬಯಾಪ್ಸಿ ತುಣುಕಿನಲ್ಲಿ ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್‌ನಂಥ ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸಿ ನೋಡುತ್ತಾರೆ. ಐಎಚ್‌ಸಿ ಅನ್ನುವುದು ಇದನ್ನೇ.

ಬಯಾಪ್ಸಿ ಆದರೆ ಬರೀ ರಿಪೋರ್ಟ್ ಅಲ್ಲ, ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಕೇಳಿ ಇಸ್ಕೊಳ್ಳಿ. ತುಣುಕು ಆ ಪುಟ್ಟ ಬ್ಲಾಕಿನಲ್ಲೇ ಹುದುಗಿರುತ್ತದೆ. ಅದಿದ್ದರೆ ಸಾಮಾನ್ಯವಾಗಿ ಮತ್ತೆ ಬಯಾಪ್ಸಿ ಮಾಡಿಸದೆ ಇನ್ನೊಬ್ಬ ಪೆಥಾಲಜಿಸ್ಟ್‌ಗೆ (ತುಣುಕು ಪರೀಕ್ಷಿಸುವ ವೈದ್ಯರಿಗೆ) ತೋರಿಸಬಹುದು. ಕಲಬುರಗಿಯಲ್ಲೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ಕೇಂದ್ರ ಇದೆ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.